ಸಕ್ಕರೆ ಕಾಯಿಲೆ ಮತ್ತು ನಮ್ಮ ಹೃದಯ
(ಪಲ್ಲಡಂ ಕೂಟದಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆ ಎಂದೊಡನೆ ನಾವು ಕಾಲಿನ ಹುಣ್ಣನ್ನೋ ಮಂಜಾಗುವ ಕಣ್ಣನ್ನೋ ನೆನೆಯುತ್ತೇವೆ. ಆದರೆ ಈ ಕಾಯಿಲೆಯವರಲ್ಲಿ ಹೆಚ್ಚು ಮಂದಿಯ ಜೀವ ತೆಗೆಯುವುದು ಹೃದಯದ ತೊಂದರೆ.

ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ರಕ್ತನಾಳದ ಒಳಗೋಡೆ ಕೆಡುತ್ತದೆ. ಅಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ರಕ್ತ ಹೆಪ್ಪುಗಟ್ಟಿ ಆ ದಾರಿ ಮುಚ್ಚಿದರೆ ಅದೇ ಹೃದಯಾಘಾತ. ಇದರೊಂದಿಗೆ ನರಗಳೂ ಮಂಕಾಗುವುದರಿಂದ ಕೆಲವರಿಗೆ ಎದೆನೋವೇ ತಿಳಿಯುವುದಿಲ್ಲ. ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ಎಂದೂ ಇಲ್ಲದ ಸುಸ್ತು ಮಾತ್ರ ಕಾಣಿಸಬಹುದು. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ವಾಲ್ಪಾರೈ ತೋಟಗಳಿಂದ ಆಳಿಯಾರಿಗೆ ಇಳಿಯಲು 40 ತಿರುವುಗಳಿವೆ. ಬೆಳಗಾಗಲಿ ಎಂದು ಕಾಯುವುದು ಅಪಾಯ. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮೊದಲ ಗುಳಿಗೆಗಳು ಸಿಗಲೆಂದು ತಮಿಳುನಾಡು ಸರಕಾರ 2023ರಲ್ಲಿ 'ಇದಯಂ ಕಾಪ್ಪೋಂ' ಯೋಜನೆಯನ್ನು ಆರಂಭಿಸಿತು.

ತಾಯಂದಿರೇ, ಇದು ಗಂಡಸರ ಕಾಯಿಲೆ ಎಂದು ತಿಳಿಯಬೇಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ಬಹಳ ವರ್ಷ ಪರೀಕ್ಷಿಸಿದ ವೈದ್ಯರು 1974ರಲ್ಲಿ ಒಂದು ವಿಷಯ ತಿಳಿಸಿದರು. ಸಕ್ಕರೆ ಕಾಯಿಲೆಯ ಗಂಡಸರಲ್ಲಿ ಹೃದಯ ಸೋಲುವ ಅಪಾಯ 2 ಪಟ್ಟಿಗಿಂತ ಹೆಚ್ಚು. ಹೆಂಗಸರಲ್ಲಿ ಸುಮಾರು 5 ಪಟ್ಟು. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿದಂತಾದರೆ ವೈದ್ಯರಿಗೆ ತೋರಿಸಿ.

ಹೃದಯವನ್ನು ಕಾಯಲು ಸಕ್ಕರೆ ಒಂದನ್ನೇ ನೋಡಿದರೆ ಸಾಲದು. ರಕ್ತದೊತ್ತಡವನ್ನು ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿಡಲು ವೈದ್ಯರು ಹೇಳುತ್ತಾರೆ. ಕೊಬ್ಬಿಗೆ ಗುಳಿಗೆ ಬರೆದುಕೊಟ್ಟರೆ ಅದನ್ನೂ ನುಂಗಬೇಕು. ಬೀಡಿ, ಹೊಗೆಸೊಪ್ಪು ಬಿಡಬೇಕು. ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದ ಪರೀಕ್ಷಿಸಿಕೊಳ್ಳಬೇಕು. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಸೊಪ್ಪು, ಕಾಳು ಹೆಚ್ಚಾಗಲಿ.

ಗುಳಿಗೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆಂದು ನಮ್ಮಲ್ಲಿ ಹಲವರು ನಿಲ್ಲಿಸಿಬಿಡುತ್ತಾರೆ. ಸಕ್ಕರೆ ಇಳಿಯಿತೆಂದು ಬಿಡುವವರೂ ಇದ್ದಾರೆ. ಇಳಿದದ್ದು ಗುಳಿಗೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ. ಗುಳಿಗೆಯನ್ನು ಮನೆಬಾಗಿಲಿಗೇ ತರುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರಲ್ಲಿ ಆರಂಭವಾಯಿತು. ನಮ್ಮ ಲೈನಿನಲ್ಲಿ ಯಾರ ಹೆಸರು ಸೇರಿಲ್ಲವೆಂದು ವಿಚಾರಿಸಿ ಸೇರಿಸೋಣ. ಪರೀಕ್ಷೆಯ ದಿನ ಕೂಲಿ ಕಡಿಯಬಾರದೆಂದು ಸಂಘದ ಮೂಲಕ ಕೇಳೋಣ. ದುಡಿಯುವವರ ಹೃದಯವೇ ಮನೆಯ ಆಧಾರ. ಅದನ್ನು ಕಾಯುವುದು ನಮ್ಮೆಲ್ಲರ ಕೆಲಸ.