ಟೀವಿ ದುಡ್ಡಿಗೆ ಮುರಿದ ಮನೆ

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳು)



ನಿಮ್ಮಲ್ಲಿ ಹಲವರು ಕಾಲೇಜು ತಂಡಕ್ಕೆ ಆಡಿದವರು. ನಸುಕಿನಲ್ಲೆದ್ದು ಮೈದಾನಕ್ಕೆ ಓಡಿದವರು. ಅದಕ್ಕೇ ಅಮೆರಿಕದ ಕಾಲೇಜು ಆಟದ ಒಂದು ಕಥೆ ನಿಮಗೆ ಹೇಳಬೇಕೆನಿಸಿತು. ಅದು ಅವರ ಊರಿನ ಜಗಳ, ನಮಗೇನು ಎಂದು ಮುಖ ತಿರುಗಿಸಬೇಡಿ. ಸ್ವಲ್ಪ ಕೇಳಿ.

2023ರ ಆಗಸ್ಟ್ 4, ಶುಕ್ರವಾರ. ಅಮೆರಿಕದ ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಎಂಬ ಕಾಲೇಜು ಕ್ರೀಡಾಕೂಟದಿಂದ ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಎದ್ದು ಹೋದವು. ಮೂರು ಅದಕ್ಕೂ ಮೊದಲೇ ಕಾಲು ಕಿತ್ತಿದ್ದವು. ತಿಂಗಳೊಳಗೆ ಇನ್ನೆರಡು ಹೊರಟವು. ಹನ್ನೆರಡರಲ್ಲಿ ಉಳಿದದ್ದು ಎರಡೇ ಎರಡು: ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್.

ಈ ಕೂಟ ಎಂದರೇನು? ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ದಕ್ಷಿಣ ವಲಯ, ಪಶ್ಚಿಮ ವಲಯ ಎಂದು ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಅಕ್ಕಪಕ್ಕದವರು ಸೇರಿ ವರ್ಷವರ್ಷವೂ ಆಡುವುದು. ವ್ಯತ್ಯಾಸ ಇಷ್ಟೇ: ಅಲ್ಲಿ ವಲಯವನ್ನು ಮೇಲಿನವರು ಗೆರೆ ಎಳೆದು ಕೊಡುವುದಿಲ್ಲ. ಕಾಲೇಜುಗಳೇ ಸೇರುತ್ತವೆ, ಕಾಲೇಜುಗಳೇ ಬಿಡುತ್ತವೆ. ಈ ಕೂಟದ ಬೇರು 1915ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ನಾಲ್ಕು ಕಾಲೇಜುಗಳು ಮಾಡಿಕೊಂಡ ಒಪ್ಪಂದದಲ್ಲಿದೆ. ಆ ನಾಲ್ವರಲ್ಲಿ ಆರೆಗನ್ ಸ್ಟೇಟ್ ಒಂದು. ವಾಷಿಂಗ್ಟನ್ ಸ್ಟೇಟ್ ಬಂದದ್ದು 1917ರಲ್ಲಿ. ಮನೆ ಕಟ್ಟಿದವರೇ ಕೊನೆಗೆ ಖಾಲಿ ಮನೆ ಕಾಯುವಂತಾಯಿತು!

ಆಟದಲ್ಲಿ ಸೋತು ಮನೆ ಬಿತ್ತೇ? ಖಂಡಿತ ಅಲ್ಲ. ಅಖಿಲ ಅಮೆರಿಕ ಮಟ್ಟದಲ್ಲಿ ಐನೂರಕ್ಕೂ ಹೆಚ್ಚು ತಂಡ ಪ್ರಶಸ್ತಿ ಗೆದ್ದ ಕೂಟ ಅದು. ಕೆಡವಿದ್ದು ಟೀವಿಯ ದುಡ್ಡು.

1984ರವರೆಗೆ ಕಾಲೇಜು ಫುಟ್‌ಬಾಲ್ ಪ್ರಸಾರದ ಲಗಾಮು ಎನ್.ಸಿ.ಎ.ಎ. ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಕಿತ್ತುಹಾಕಿತು. ಆಮೇಲೆ ಕಾಲೇಜುಗಳೂ ಕೂಟಗಳೂ ತಮ್ಮ ಆಟವನ್ನು ತಾವೇ ಟೀವಿಗೆ ಮಾರತೊಡಗಿದವು. ಅಲ್ಲಿಂದ ‘ಎಷ್ಟು ಚೆನ್ನಾಗಿ ಆಡುತ್ತೀರಿ’ ಎಂಬುದಕ್ಕಿಂತ ‘ನಿಮ್ಮ ಊರಲ್ಲಿ ಎಷ್ಟು ಟೀವಿ ಇವೆ’ ಎಂಬ ಪ್ರಶ್ನೆ ದೊಡ್ಡದಾಯಿತು. 2022ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು, ಯು.ಎಸ್.ಸಿ. ಮತ್ತು ಯು.ಸಿ.ಎಲ್.ಎ., ಮಧ್ಯ ಅಮೆರಿಕದ ‘ಬಿಗ್ ಟೆನ್’ ಕೂಟಕ್ಕೆ ಹೋಗುತ್ತೇವೆ ಎಂದವು. ಎರಡೇ ತಿಂಗಳಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಟೀವಿ ಒಪ್ಪಂದ ಮಾಡಿಕೊಂಡಿತು. ಇತ್ತ ಪ್ಯಾಕ್-12ರ ಟೀವಿ ಒಪ್ಪಂದ 2024ಕ್ಕೆ ಮುಗಿಯುವುದಿತ್ತು. ಸದಸ್ಯರನ್ನು ಕಟ್ಟಿಹಾಕಿದ್ದ ಹಗ್ಗವೂ ಅದೇ. ಹೊಸ ಹಗ್ಗ ಹೊಸೆಯುವಷ್ಟರಲ್ಲಿ ಹಟ್ಟಿ ಖಾಲಿ.

ಹೋದವರು ಎಲ್ಲಿಗೆ ಹೋದರು ನೋಡಿ, ನಗು ಬರುತ್ತದೆ. ಪೆಸಿಫಿಕ್ ಸಾಗರದ ಪಕ್ಕದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದ್ದು ‘ಅಟ್ಲಾಂಟಿಕ್ ಕೋಸ್ಟ್’ ಕೂಟವನ್ನು! ‘ಬಿಗ್ ಟೆನ್’ನಲ್ಲಿ ಈಗ ಹದಿನೆಂಟು ಕಾಲೇಜು, ‘ಬಿಗ್ 12’ರಲ್ಲಿ ಹದಿನಾರು. ಭೂಗೋಳವೂ ಹೋಯಿತು, ಗಣಿತವೂ ಹೋಯಿತು.

ಆದರೆ ಲಾಸ್ ಏಂಜಲಿಸ್‌ನ ವಾಲಿಬಾಲ್ ಹುಡುಗಿಗೆ ಇದು ತಮಾಷೆಯಲ್ಲ. ಅವಳ ಕೂಟ ಈಗ ನ್ಯೂಜೆರ್ಸಿಯವರೆಗೆ ಚಾಚಿದೆ. ಸುಮಾರು ನಾಲ್ಕು ಸಾವಿರ ಕಿಲೋಮೀಟರ್, ಗಡಿಯಾರದಲ್ಲಿ ಮೂರು ಗಂಟೆ ವ್ಯತ್ಯಾಸ. ಹಳೆಯ ಕೂಟದಲ್ಲೂ ವಿಮಾನ ಹತ್ತಬೇಕಿತ್ತು, ಸುಳ್ಳು ಹೇಳಬಾರದು. ಆದರೂ ಅದು ಒಂದೇ ದಿಕ್ಕಿನ ದೇಶ. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ. ಉಳಿದ ಆಟದವರು ವಾರಕ್ಕೆ ಎರಡು, ಮೂರು. ದುಡ್ಡು ಬಂದದ್ದು ಫುಟ್‌ಬಾಲ್‌ನಿಂದ, ತಪ್ಪಿದ್ದು ಇವಳ ತರಗತಿ, ಇವಳ ನಿದ್ದೆ.

ಹೋದವರೆಲ್ಲ ಸಿರಿವಂತರಾದರೇ? ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳು ಹೊಸ ಮನೆಯಲ್ಲಿ ವರ್ಷಗಟ್ಟಲೆ ಕಡಿಮೆ ಪಾಲಿಗೆ ಒಪ್ಪಿ ಕಾಲಿಟ್ಟವು. ಅವುಗಳ ಜೊತೆಗೇ ಹೋದ ಟೆಕ್ಸಾಸ್‌ನ ಎಸ್.ಎಂ.ಯು. ಒಂಬತ್ತು ವರ್ಷ ಟೀವಿ ದುಡ್ಡೇ ಬೇಡ, ಒಳಗೆ ಬಿಟ್ಟರೆ ಸಾಕು ಎಂದಿತು. ಬರ್ಕ್ಲಿಯನ್ನು ಬಿಟ್ಟುಹೋದ ತಪ್ಪಿಗೆ ಯು.ಸಿ.ಎಲ್.ಎ. ಅದಕ್ಕೆ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕೆಂದು ಎರಡನ್ನೂ ನಡೆಸುವ ಆಡಳಿತ ಮಂಡಳಿ 2024ರಲ್ಲಿ ತೀರ್ಮಾನಿಸಿತು. ಅಲ್ಲಿನ ಪತ್ರಿಕೆಗಳು ಅದನ್ನು ಜೀವನಾಂಶ ಎಂದೇ ಗೇಲಿ ಮಾಡಿದವು.

ಈಗ ಆ ಇಬ್ಬರು ತಬ್ಬಲಿಗಳ ಮಾತು. ಎತ್ತರ ಜಿಗಿತದಲ್ಲಿ ಇವತ್ತು ಜಗತ್ತೆಲ್ಲ ಬೆನ್ನು ಕೆಳಗೆ ಮಾಡಿ ಹಾರುತ್ತದೆಯಲ್ಲ, ಅದನ್ನು 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ತೋರಿಸಿದ ಡಿಕ್ ಫಾಸ್ಬರಿ ಆರೆಗನ್ ಸ್ಟೇಟ್ ವಿದ್ಯಾರ್ಥಿ. 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದ ಕೀನ್ಯಾದ ಹೆನ್ರಿ ರೋನೋ ಆಗ ವಾಷಿಂಗ್ಟನ್ ಸ್ಟೇಟ್ ವಿದ್ಯಾರ್ಥಿ. ಯೋಗ್ಯತೆ ಕಡಿಮೆಯೇ? ಕಡಿಮೆ ಇದ್ದದ್ದು ಊರಿನ ಗಾತ್ರ. ಕಾರ್ವ್ಯಾಲಿಸ್, ಪುಲ್‌ಮನ್ ಎರಡೂ ಸಣ್ಣ ಊರುಗಳು. ಇನ್ನೂ ಒಂದು ಮಾತು: ಇದು ಎರಡನೇ ಸಲ. 1959ರಲ್ಲಿ ಹಳೆಯ ಕೂಟ ಒಡೆದು ದೊಡ್ಡವರು ಹೊಸದು ಕಟ್ಟಿಕೊಂಡಾಗಲೂ ಇವರಿಬ್ಬರನ್ನು ಹೊರಗಿಟ್ಟಿದ್ದರು. ಒಳಗೆ ಸೇರಿಸಿಕೊಂಡದ್ದು 1962 ಮತ್ತು 1964ರಲ್ಲಿ.

ಆರೆಗನ್ ಸ್ಟೇಟ್ ಅಧ್ಯಕ್ಷೆ ನಮ್ಮ ದೇಶದವರು, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಜಯತಿ ಮೂರ್ತಿ. ಅವರು ಬಂದದ್ದು 2022ರಲ್ಲಿ. ಸುಮಾರು 16 ಕೋಟಿ ಡಾಲರ್ ಸುರಿದ ಕ್ರೀಡಾಂಗಣದ ನವೀಕರಣ 2023ರಲ್ಲಿ ಮುಗಿಯಿತು. ಕ್ರೀಡಾಂಗಣ ಸಿದ್ಧ, ಕೂಟ ಮಾಯ! ಆ ನವೆಂಬರ್‌ನಲ್ಲೇ ಅಲ್ಲೇ ಓದಿ ಅಲ್ಲೇ ಆಡಿದ್ದ ಫುಟ್‌ಬಾಲ್ ಕೋಚ್ ಬಿಗ್ ಟೆನ್‌ನ ತಂಡವೊಂದಕ್ಕೆ ಹೊರಟರು. ವಾಷಿಂಗ್ಟನ್ ಸ್ಟೇಟ್‌ನ ಕ್ಯಾಮ್ ವಾರ್ಡ್ ಮಯಾಮಿಗೆ ಹೋದ. 2025ರಲ್ಲಿ ವೃತ್ತಿಪರ ಫುಟ್‌ಬಾಲ್‌ಗೆ ಮೊದಲನೆಯವನಾಗಿ ಆಯ್ಕೆಯಾದ. ಹುಡುಗರನ್ನು ನಾನು ಬೈಯುವುದಿಲ್ಲ. ಯಜಮಾನರೇ ಊರು ಬಿಟ್ಟಾಗ ಹುಡುಗರು ಏಕೆ ಕೂತಿರಬೇಕು? 2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ಎಸೆತ, ಜಿಗಿತದ ವಿಭಾಗಗಳನ್ನು ಮುಚ್ಚಿ ದೂರದ ಓಟಕ್ಕಷ್ಟೇ ಒತ್ತು ಕೊಡುವುದೆಂದಿತು. ಕೂಟ ಮುರಿದದ್ದೊಂದೇ ಕಾರಣವಲ್ಲ, ಆಟಗಾರರಿಗೆ ಕಾಲೇಜೇ ಹಣ ಕೊಡಬಹುದೆಂಬ ಹೊಸ ವ್ಯವಸ್ಥೆಯ ಹೊರೆಯೂ ಇತ್ತು. ಆದರೆ ಗುಂಡು ಎಸೆಯುವ ಹುಡುಗನಿಗೆ ಕಾರಣ ಯಾವುದಾದರೇನು?

ಇಬ್ಬರೂ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಹೋದರು. ಹೊರಟವರಿಗೆ ಕೂಟದ ಆಡಳಿತದಲ್ಲಿ ಮತವಿಲ್ಲ ಎಂದು ಪುಲ್‌ಮನ್ ಪಕ್ಕದ ಕೋಲ್‌ಫ್ಯಾಕ್ಸ್ ಊರಿನ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ತನ್ನನ್ನು ಬಿಟ್ಟುಹೋದ ನೆರೆಯ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸಿಯಾಟಲ್‌ನಲ್ಲೇ 24-19ರಿಂದ ಮಣಿಸಿತು. ಆರೆಗನ್ ಸ್ಟೇಟ್ ಬೇಸ್‌ಬಾಲ್ ತಂಡ 2025ರಲ್ಲಿ ಯಾವ ಕೂಟವೂ ಇಲ್ಲದೆ ಅಲೆದಾಡಿ ಆಡಿ, ರಾಷ್ಟ್ರೀಯ ಅಂತಿಮ ಸುತ್ತಿಗೆ ಒಮಾಹಾ ಮುಟ್ಟಿತು. ಭೇಷ್ ಎನ್ನೋಣ.

ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ, ನನ್ನ ಮನಸ್ಸು ಕೆಟ್ಟದ್ದು ಮುಂದಿನದಕ್ಕೆ. 2024ರಲ್ಲಿ ಈ ಇಬ್ಬರಿಗೆ ಆಡಲು ಫುಟ್‌ಬಾಲ್ ಪಂದ್ಯ ಒದಗಿಸಿಕೊಟ್ಟದ್ದು ‘ಮೌಂಟನ್ ವೆಸ್ಟ್’ ಎಂಬ ಚಿಕ್ಕ ಕೂಟ. ನಮ್ಮವರನ್ನು ಸೆಳೆದರೆ ದಂಡ ಕೊಡಬೇಕು ಎಂಬ ಷರತ್ತೂ ಒಪ್ಪಂದದಲ್ಲಿತ್ತು. ಆ ಸೆಪ್ಟೆಂಬರ್‌ನಲ್ಲೇ ಪ್ಯಾಕ್-12 ಅದೇ ಕೂಟದ ಐದು ಕಾಲೇಜುಗಳನ್ನು ಎಳೆದುಕೊಂಡಿತು, ದಂಡ ಅನ್ಯಾಯ ಎಂದು ಕೋರ್ಟಿಗೂ ಹೋಯಿತು. ಹೊಸ ಪ್ಯಾಕ್-12ರ ಲೆಕ್ಕ 2026ರ ಜುಲೈನಿಂದ.

ಆ ಐದರಲ್ಲಿ ಕೊಲರಾಡೋ ಸ್ಟೇಟ್ ಒಂದು. 1899ರಿಂದ ಅದರ ಎದುರು ಆಡುತ್ತ ಬಂದ ಪಕ್ಕದ ರಾಜ್ಯದ ವಯೋಮಿಂಗ್ ವಿಶ್ವವಿದ್ಯಾಲಯವನ್ನು ಯಾರೂ ಕರೆಯಲಿಲ್ಲ. ಅದು ಇರುವ ಊರು ಲಾರಮಿ. ಹೆಚ್ಚುಕಮ್ಮಿ ಪುಲ್‌ಮನ್‌ನಷ್ಟೇ ಊರು.