ಗ್ಯಾರೇಜ್ ನೆಲಕ್ಕೆ ಬಣ್ಣ: ಡಬ್ಬ ತೆರೆಯೋ ಮುಂಚಿನ ಕೆಲಸ



ನಾನು ಬಣ್ಣ ಬಳಿಯೋನಲ್ಲ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಈಗ ಆಕ್ಲೆಂಡಿನಲ್ಲಿ ಲೆಕ್ಕಪತ್ರ ನೋಡೋ ಕೆಲಸದಲ್ಲಿದ್ದೇನೆ. ಕಾಂಕ್ರೀಟ್ ನೆಲದ ಬಗ್ಗೆ ಇವನೇನು ಹೇಳ್ತಾನೆ ಅಂತ ನಿಮಗೆ ಅನ್ನಿಸಬಹುದು. ಒಬ್ಬ ಹುಡುಗ ತಂದು ತೋರಿಸಿದ ಸಂಬಳದ ಚೀಟಿಯಿಂದ ನಾನು ಈ ವಿಷಯಕ್ಕೆ ಬಂದೆ.

ನಮ್ಮ ಕಡೆಯ ಹುಡುಗ, ಪೇಂಟಿಂಗ್ ಕೆಲಸಕ್ಕೆ ಬಂದವನು. ಒಂದು ಮನೆಯ ಡಬಲ್ ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಹಾಕಿದ್ದ. ಆರು ವಾರ ಆಗೋದರೊಳಗೆ, ಕಾರಿನ ಚಕ್ರ ನಿಲ್ಲೋ ಜಾಗದಲ್ಲೆಲ್ಲ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಮಾಲೀಕರು ಇವನ ಸಂಬಳದಲ್ಲಿ 600 ಡಾಲರ್ ಹಿಡಿದುಕೊಂಡರು. "ಅಣ್ಣಾ, ನಂದೇ ತಪ್ಪಿರಬೇಕು, ಬಿಡಿ" ಅಂದ. ಬಿಡೋಕೆ ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಕೂತು ಅವನ ಫೋನಿನಲ್ಲಿದ್ದ ಫೋಟೋ, ಮೆಸೇಜು ಎಲ್ಲ ನೋಡಿದೆವು. ಶುಕ್ರವಾರ ಮಧ್ಯಾಹ್ನ ನೆಲ ತೊಳೆದಿದ್ದ. ಅದೇ ಸಂಜೆ ಮಾಲೀಕರಿಂದ ಮೆಸೇಜು: ನಾಳೆ ಬೆಳಿಗ್ಗೆ ಕೋಟ್ ಹಾಕು, ಕಾಯೋಕೆ ಟೈಮಿಲ್ಲ. ಅದು ಜುಲೈ ತಿಂಗಳು, ಇಲ್ಲಿ ಚಳಿಗಾಲ. ಒದ್ದೆ ನೆಲದ ಮೇಲೆ ಬಣ್ಣ ಬಿದ್ದಿತ್ತು.

ಅದಕ್ಕೇ ಇವತ್ತು ನಾನು ಹೇಳೋದು ಒಂದೇ ಮಾತು. ಡಬ್ಬ ತೆರೆಯೋ ಮುಂಚೆ ಏನು ಮಾಡ್ತೀರೋ ಅದರಲ್ಲೇ ನೆಲದ ಆಯಸ್ಸೂ ಇದೆ, ನಿಮ್ಮ ಆರೋಗ್ಯವೂ ಕೂಲಿಯೂ ಇವೆ.

ಬಣ್ಣ ಯಾಕೆ ಏಳುತ್ತೆ?

ನಮ್ಮೂರಿನ ಹಳೇ ಮನೆಗಳ ಕೆಂಪು ಕಾವಿ ನೆಲ ನೆನಪಿಸಿಕೊಳ್ಳಿ. ಅಜ್ಜನ ಕಾಲದಲ್ಲಿ ಹಾಕಿದ್ದು ಈಗಲೂ ಹೊಳೆಯುತ್ತೆ. ಅಲ್ಲಿ ಬಣ್ಣ ಸಿಮೆಂಟಿನ ಜೊತೆಯಲ್ಲೇ ಕಲೆತಿರುತ್ತೆ, ಹಾಗಾಗಿ ಸಿಪ್ಪೆ ಏಳೋ ಪ್ರಶ್ನೆಯೇ ಇಲ್ಲ. ಇಲ್ಲಿನ ಗ್ಯಾರೇಜ್ ಬಣ್ಣ ಕಾಂಕ್ರೀಟಿನ ಮೇಲೆ ಕೂತಿರೋ ಪದರ. ಕೆಳಗೆ ಎಣ್ಣೆ, ತೇವ, ಧೂಳು ಅಥವಾ ಹಳೇ ಸೀಲರ್ ಇದ್ದರೆ ಅದಕ್ಕೆ ಹಿಡಿತ ಸಿಗೋದಿಲ್ಲ. ಕಾರು ಓಡಿಬಂದು ಬಿಸಿ ಟೈರಿನಲ್ಲಿ ನಿಂತಾಗ, ಹಿಡಿತವಿಲ್ಲದ ಪದರ ಟೈರಿಗೆ ಅಂಟಿಕೊಂಡು ಬರುತ್ತೆ.

ಬಳಿಯೋ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ದುಡ್ಡು ಬೇಕಿಲ್ಲ.

ಒಂದು, ನೆಲದ ಮೇಲೆ ಅಲ್ಲಲ್ಲಿ ನೀರಿನ ಹನಿ ಹಾಕಿ. ನೀರು ಇಂಗಿದರೆ ಒಳ್ಳೇದು. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಅಲ್ಲಿ ಎಣ್ಣೆಯೋ ಹಳೇ ಸೀಲರೋ ಇದೆ. ಎಣ್ಣೆಯಾದರೆ ಡಿಗ್ರೀಸರ್ ಹಾಕಿ ಉಜ್ಜಿ ತೆಗೆಯಬೇಕು, ಸೀಲರ್ ಆದರೆ ಗ್ರೈಂಡ್ ಮಾಡಬೇಕು.

ಎರಡು, ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಹಾಳೆಯ ಒಳಗೆ ಬೆವರು ಹನಿ ಇದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಇನ್ನೂ ಒಣಗಿಲ್ಲ. ಹೊಸ ಕಾಂಕ್ರೀಟಾದರೆ ಸಾಮಾನ್ಯವಾಗಿ 28 ದಿನವಾದರೂ ಕಾಯಬೇಕು. ಇದರ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. "ನೆಲ ಒದ್ದೆ ಇದೆ, ಏನು ಮಾಡಲಿ?" ಅಂತ ಒಂದೇ ಸಾಲು ಬರೆದರೆ ಸಾಕು. ಆಮೇಲಿನ ತೀರ್ಮಾನ ಅವರದ್ದಾಗುತ್ತೆ.

ಬಿಳಿ ಧೂಳು

ಗ್ರೈಂಡಿಂಗ್ ಬಗ್ಗೆ ಸ್ವಲ್ಪ ಗಮನ ಕೊಟ್ಟು ಕೇಳಿ. ಕಾಂಕ್ರೀಟಿನೊಳಗೆ ಮರಳಿದೆ, ಮರಳಿನಲ್ಲಿ ಸಿಲಿಕಾ ಇದೆ. ಉಜ್ಜಿದಾಗ ಏಳೋ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತವೆ. ಕೆಜಿಎಫ್ ಚಿನ್ನದ ಗಣಿಯವರು ಎಷ್ಟೋ ಜನ ಸಿಲಿಕೋಸಿಸ್‌ನಿಂದ ನರಳಿದರು. ಕಲ್ಲಿನ ಧೂಳು ಕುಡಿದ ಫಲ ಅದು. ಸಾಮಾನ್ಯವಾಗಿ ಕಾಯಿಲೆ ಕಾಣಿಸೋದು ವರ್ಷಗಳಾದ ಮೇಲೆ, ಬಂದ ಮೇಲೆ ವಾಸಿಯಾಗೋದಿಲ್ಲ.

ಹಾಗಾಗಿ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಒಣ ಗ್ರೈಂಡಿಂಗ್ ಬೇಡ. ಗ್ರೈಂಡರಿಗೆ ಧೂಳು ಎಳೆಯೋ ವ್ಯಾಕ್ಯೂಮ್ ಜೋಡಿಸಿರಬೇಕು. ಮನೆ ಗುಡಿಸೋ ವ್ಯಾಕ್ಯೂಮ್ ಆಗೋದಿಲ್ಲ, ಸಣ್ಣ ಧೂಳನ್ನ ಅದು ವಾಪಸ್ ಗಾಳಿಗೇ ಬಿಡುತ್ತೆ. ಬಟ್ಟೆ ಮಾಸ್ಕ್ ಸಾಲದು, ಕಡಿಮೆ ಅಂದ್ರೆ ಪಿ2 ದರ್ಜೆಯ ಮಾಸ್ಕ್ ಮುಖಕ್ಕೆ ಗಾಳಿಯಾಡದ ಹಾಗೆ ಕೂರಬೇಕು. ಗಡ್ಡ ಇದ್ದರೆ ಕೂರೋದಿಲ್ಲ. ಧೂಳನ್ನ ಪೊರಕೆಯಿಂದ ಗುಡಿಸಬೇಡಿ. 2000ಕ್ಕಿಂತ ಹಳೇ ಮನೆಯ ನೆಲದಲ್ಲಿ ವಿನೈಲ್, ಟೈಲ್ಸ್ ಅಥವಾ ಅವುಗಳ ಅಂಟು ಇದ್ದರೆ ಮುಟ್ಟಲೇಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಮೊದಲು ಪರೀಕ್ಷೆ ಮಾಡಿಸಲಿ.

ಆಸಿಡ್ ಹಾಕಿ ನೆಲ ಒರಟು ಮಾಡೋದಾದರೆ, ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು. ತೊಳೆದ ನೀರನ್ನ ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಬಿಡೋ ಹಾಗಿಲ್ಲ. ಇಲ್ಲಿ ಬಹುತೇಕ ಕಡೆ ಆ ನೀರು ಶುದ್ಧವಾಗದೆ ನೇರ ಹೊಳೆಗೋ ಸಮುದ್ರಕ್ಕೋ ಹೋಗುತ್ತೆ.

ಎಪಾಕ್ಸಿಯ ಎರಡು ಡಬ್ಬಗಳನ್ನ ಅಂದಾಜಿನಲ್ಲಿ ಬೆರೆಸಬೇಡಿ. ಅಳತೆ, ಬಳಸೋಕೆ ಇರೋ ಸಮಯ, ಬೇಕಾದ ತಾಪಮಾನ ಎಲ್ಲ ಡಬ್ಬದ ಮೇಲಿರುತ್ತೆ. ಎಷ್ಟೋ ಬಣ್ಣಗಳಿಗೆ 10 ಡಿಗ್ರಿಗಿಂತ ಕಡಿಮೆ ಚಳಿ ಆಗೋದಿಲ್ಲ. ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಒಮ್ಮೆ ಶುರುವಾದರೆ ಜೀವನಪೂರ್ತಿ ಬಿಡದೇ ಇರಬಹುದು. ಸಾಲ್ವೆಂಟ್ ಇರೋ ಬಣ್ಣವಾದರೆ ಗ್ಯಾರೇಜಿನಲ್ಲಿರೋ ಗ್ಯಾಸ್ ಹೀಟರಿನ ಉರಿ ಆರಿಸಿರಲಿ. ಹಾಕಿದ ಮೇಲೆ ಕಾರು ನಿಲ್ಲಿಸೋಕೆ ಸಾಮಾನ್ಯವಾಗಿ ಒಂದು ವಾರ ಬೇಕು ಅಂತ ಮನೆಯವರಿಗೆ ಮೊದಲೇ ಹೇಳಿ.

ಈ ಸಲಕರಣೆಯೆಲ್ಲ ಯಾರು ಕೊಡಬೇಕು? 2015ರ ಕೆಲಸದ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಪ್ರಕಾರ ಕೆಲಸ ಮಾಡಿಸೋರೇ ಕೊಡಬೇಕು, ಅದರ ದುಡ್ಡು ನಿಮ್ಮಿಂದ ಕೇಳೋ ಹಾಗಿಲ್ಲ. ಗಂಭೀರ ಅಪಾಯ ಇದೆ ಅನ್ನಿಸಿದರೆ ಕೆಲಸ ನಿಲ್ಲಿಸೋ ಹಕ್ಕು ನಿಮಗಿದೆ. ದೂರು ಕೊಡಬೇಕಾದ್ರೆ ವರ್ಕ್‌ಸೇಫ್, 0800 030 040. ಗಾಯವಾದರೆ ಎಸಿಸಿ ಇದೆ. ತಪ್ಪು ಯಾರದ್ದೇ ಇರಲಿ, ವೀಸಾ ಯಾವುದೇ ಇರಲಿ, ಡಾಕ್ಟರ ಹತ್ತಿರ ಹೋಗಿ ಕೆಲಸದಲ್ಲಿ ಆಗಿದ್ದು ಅಂತ ಬರೆಸಿ.

ಈಗ ನನ್ನ ವಿಷಯ, ಲೆಕ್ಕ

"ಗ್ಯಾರೇಜ್ ಒಂದಕ್ಕೆ 400 ಡಾಲರ್, ಕ್ಯಾಶ್" ಅಂತಾರೆ. ಶನಿವಾರ ಭಾನುವಾರದ ಕೆಲಸ, ಚೆನ್ನಾಗಿದೆ ಅನ್ಸುತ್ತೆ. ಗಂಟೆ ಕೂಡಿಸಿ ನೋಡೋಣ, ಇದೊಂದು ಉದಾಹರಣೆ. ಸಾಮಾನು ಸರಿಸಿ ಎಣ್ಣೆ ತೆಗೆಯೋಕೆ 4 ಗಂಟೆ, ಗ್ರೈಂಡಿಂಗ್ 6, ಬಿರುಕು ಮುಚ್ಚೋಕೆ 2, ಎರಡು ಕೋಟಿಗೆ ತಲಾ 3, ಸ್ವಚ್ಛ ಮಾಡಿ ಸಾಮಾನು ವಾಪಸ್ ಇಡೋಕೆ 4. ಒಟ್ಟು 22 ಗಂಟೆ. 400ನ್ನ 22ರಿಂದ ಭಾಗಿಸಿದರೆ ಗಂಟೆಗೆ 18 ಡಾಲರ್ ಚಿಲ್ಲರೆ. 2025ರ ಏಪ್ರಿಲ್ 1ರಿಂದ ಇಲ್ಲಿನ ವಯಸ್ಕರ ಕನಿಷ್ಠ ವೇತನ 23.50 ಡಾಲರ್ ಆಯಿತು. ಆ ದರದಲ್ಲೇ 22 ಗಂಟೆಗೆ 517 ಡಾಲರ್ ಬರಬೇಕಿತ್ತು. ಕನಿಷ್ಠ ವೇತನ ಸಾಮಾನ್ಯವಾಗಿ ಏಪ್ರಿಲ್‌ಗೆ ಬದಲಾಗುತ್ತೆ, ಈಗಿನ ದರ ನೋಡಿಕೊಳ್ಳಿ. ಬಳಿಯೋಕೆ ಬರೀ ಆರು ಗಂಟೆ, ಉಳಿದ ಹದಿನಾರು ಗಂಟೆ ಬೇರೆ ಕೆಲಸ. ಮಾತಾಡುವಾಗ ಯಾರೂ ಲೆಕ್ಕಕ್ಕೆ ಹಿಡಿಯದೆ ಇರೋದು ಆ ಹದಿನಾರನ್ನೇ.

ಇನ್ನೊಂದು ಎಚ್ಚರಿಕೆ. ಅಕ್ರೆಡಿಟೆಡ್ ಎಂಪ್ಲಾಯರ್ ವೀಸಾದಲ್ಲಿ ಇದ್ದರೆ, ವೀಸಾದಲ್ಲಿ ಹೆಸರಿರೋ ಮಾಲೀಕರ ಕೆಲಸ ಮಾತ್ರ ಮಾಡಬಹುದು. ಬೇರೆಯವರ ಗ್ಯಾರೇಜಿಗೆ ಸ್ವಂತವಾಗಿ ದುಡಿದರೆ ವೀಸಾಕ್ಕೇ ಕುತ್ತು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ವಿಳಾಸ, ಶುರು ಮಾಡಿದ್ದು, ಮುಗಿಸಿದ್ದು, ಯಾರು ಏನು ಹೇಳಿದರು, ಇಷ್ಟು ಕನ್ನಡದಲ್ಲೇ ಬರೆದರೂ ನಡೆಯುತ್ತೆ. ಮಾಲೀಕರೂ ನಿಮ್ಮ ಸಮಯ ಮತ್ತು ಸಂಬಳದ ದಾಖಲೆಯನ್ನ 6 ವರ್ಷ ಇಡಲೇಬೇಕು, ಕೇಳಿದರೆ ನಿಮಗೆ ಕೊಡಬೇಕು.

ಆ ಹುಡುಗನ 600 ಡಾಲರ್ ಏನಾಯ್ತು? 1983ರ ವೇತನ ರಕ್ಷಣಾ ಕಾಯ್ದೆ ಪ್ರಕಾರ, ಕಾನೂನು ಹೇಳಿದ ಕಡಿತ ಬಿಟ್ಟರೆ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸಂಬಳ ಹಿಡಿಯೋ ಹಾಗಿಲ್ಲ. ಕೆಲಸದ ಒಪ್ಪಂದದಲ್ಲಿ ಸಾಮಾನ್ಯ ಒಪ್ಪಿಗೆ ಇದ್ದರೂ, ಹಿಡಿಯೋ ಮೊದಲು ನಿಮ್ಮ ಜೊತೆ ಮಾತಾಡಬೇಕು. ಇವನು ಯಾವುದಕ್ಕೂ ಸಹಿ ಹಾಕಿರಲಿಲ್ಲ. ಆ ಶುಕ್ರವಾರದ ಮೆಸೇಜನ್ನ ಜೊತೆಗಿಟ್ಟು ಮರ್ಯಾದೆಯಿಂದಲೇ ಒಂದು ಪತ್ರ ಬರೆದೆವು. ಮುಂದಿನ ತಿಂಗಳು ಪೂರ್ತಿ ದುಡ್ಡು ಬಂತು. ಬರದೇ ಇದ್ದಿದ್ರೆ ಎಂಪ್ಲಾಯ್‌ಮೆಂಟ್ ನ್ಯೂಜಿಲೆಂಡ್‌ಗೆ, 0800 20 90 20ಕ್ಕೆ ಫೋನ್ ಮಾಡ್ತಿದ್ದೆವು. ಅಲ್ಲಿನ ಸಂಧಾನ ಸೇವೆಗೆ ದುಡ್ಡಿಲ್ಲ.

ಶೋಷಣೆ ಇನ್ನೂ ಹೆಚ್ಚಾಗಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರೆ, ವೀಸಾ ತೆಗೆಸ್ತೀನಿ ಅಂತ ಹೆದರಿಸಿದ್ದರೆ, 0800 20 00 88ಕ್ಕೆ ಕರೆ ಮಾಡಿ. ಅಂಥವರು ಆ ಕೆಲಸ ಬಿಟ್ಟು ಬರೋಕೆ ಅಂತಲೇ 2021ರಿಂದ ಬೇರೆ ವೀಸಾ ಇದೆ.

ಆ ಹುಡುಗ ಈಗಲೂ ನೆಲದ ಕೆಲಸವೇ ಮಾಡ್ತಿದ್ದಾನೆ. ಅವನ ಬ್ಯಾಗಿನಲ್ಲಿ ಈಗ ಒಂದು ಪ್ಲಾಸ್ಟಿಕ್ ಹಾಳೆ, ಒಂದು ಟೇಪ್, ಒಂದು ನೋಟ್‌ಬುಕ್ ಇರುತ್ತೆ. ನಿಮ್ಮ ಬ್ಯಾಗಿನಲ್ಲೂ ಇರಲಿ.