ಮುದ್ರೆ ಯಾರದು?



ಮಾರಿಕುಪ್ಪಂನಿಂದ ಬೆಳಗ್ಗೆ ಬೆಂಗಳೂರಿಗೆ ಹೊರಡುವ ರೈಲು ಬಂಗಾರಪೇಟೆ ಬಿಡುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನಲ್ಲಿದೆ. ಹೀಗೆ ಹೋಗಿಬರುವವರು ಕೆಲವೊಮ್ಮೆ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನೂ ಹೊತ್ತು ತರುತ್ತಾರೆ. ರಾಬರ್ಟ್‌ಸನ್‌ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಪರಿಚಯದ ಹುಡುಗನೊಬ್ಬ ಅಂಥ ಒಂದು ಯಂತ್ರದ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಅಣ್ಣಾ, ಫೈರ್‌ಫಾಕ್ಸಲ್ಲಿ ಬ್ಯಾಂಕ್ ಪೇಜು ಓಪನ್ನೇ ಆಗ್ತಿಲ್ಲ. ಕ್ರೋಮಲ್ಲಿ ಆಗ್ತೈತೆ. ವೈರಸ್ ಬಂದೈತಾ?"

ವೈರಸ್ ಬಂದಿರಲಿಲ್ಲ. ವೈರಸ್ ಹಿಡಿಯಲೆಂದು ಕೂರಿಸಿದ್ದ ಕಾವಲುಗಾರನೇ ಬಾಗಿಲಿಗೆ ಅಡ್ಡ ನಿಂತಿದ್ದ.

ಬ್ಯಾಂಕಿನಿಂದ ಬರುವ ಪುಟವನ್ನು ಅರಗು ಹಾಕಿದ ಲಕೋಟೆ ಎಂದುಕೊಳ್ಳಿ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿದ್ದರೆ ಅರಗು ಬಿದ್ದಿದೆ ಎಂದರ್ಥ. ಬ್ರೌಸರ್ ಮೊದಲು ಅರಗಿನ ಮೇಲಿನ ಮುದ್ರೆ ನೋಡುತ್ತದೆ. ಅದನ್ನೇ ಸರ್ಟಿಫಿಕೇಟ್ ಎನ್ನುವುದು. ಯಾರ್ಯಾರ ಮುದ್ರೆಯನ್ನು ನಂಬಬಹುದು ಎಂಬ ಪಟ್ಟಿ ಬ್ರೌಸರಿನ ಕೈಯಲ್ಲಿರುತ್ತದೆ. ಪಟ್ಟಿಯಲ್ಲಿಲ್ಲದ ಮುದ್ರೆ ಕಂಡರೆ ಪುಟ ತೋರಿಸದೆ ಎಚ್ಚರಿಕೆ ಹಾಕುತ್ತದೆ.

ಆ್ಯಂಟಿವೈರಸ್‌ಗೆ ಇಲ್ಲೊಂದು ಪೇಚು. ಲಕೋಟೆ ಒಡೆಯದೆ ಒಳಗೆ ವಿಷವಿದೆಯೋ ಬೆಲ್ಲವಿದೆಯೋ ತಿಳಿಯುವುದು ಹೇಗೆ? ಹಾಗಾಗಿ ಕೆಲವು ಆ್ಯಂಟಿವೈರಸ್‌ಗಳು ದಾರಿಯಲ್ಲೇ ಅರಗು ಒಡೆದು, ಓದಿ, ಹೊಸ ಅರಗು ಹಾಕಿ ತಮ್ಮದೇ ಮುದ್ರೆ ಒತ್ತಿ ಕಳಿಸುತ್ತವೆ. ಗಣಿಯಿಂದ ಮೇಲೆ ಬಂದವರನ್ನು ಗೇಟಿನಲ್ಲಿ ತಡವಿ ನೋಡಿ ಬಿಡುತ್ತಿದ್ದ ಕಥೆ ಕೆ.ಜಿ.ಎಫ್.ನ ಹಿರಿಯರಿಗೆಲ್ಲ ಗೊತ್ತು. ಆ ಕಾವಲುಗಾರ ಜೇಬು ತಡವುತ್ತಿದ್ದ, ಅಷ್ಟೆ. ಇವನು ಅಂಗಿಯನ್ನೇ ಬದಲಾಯಿಸಿ ಕಳಿಸುತ್ತಾನೆ. ಮನೆಯವರಿಗೆ ಗುರುತು ಸಿಗದಿದ್ದರೆ ತಪ್ಪು ಯಾರದು?

ಇನ್‌ಸ್ಟಾಲ್ ಆಗುವಾಗಲೇ ಆ್ಯಂಟಿವೈರಸ್ ತನ್ನ ಮುದ್ರೆಯನ್ನು ವಿಂಡೋಸ್‌ನ ಪಟ್ಟಿಗೆ ಸೇರಿಸಿಬಿಡುತ್ತದೆ. ಕ್ರೋಮ್ ಆ ಸೇರ್ಪಡೆಯನ್ನು ಒಪ್ಪಿಕೊಳ್ಳುತ್ತದೆ. ಫೈರ್‌ಫಾಕ್ಸ್ ಮೊದಲಿನಿಂದಲೂ ತನ್ನದೇ ಪಟ್ಟಿ ಇಟ್ಟುಕೊಂಡದ್ದು. ಒಂದೇ ಯಂತ್ರದಲ್ಲಿ ಒಂದು ತೆರೆದು ಇನ್ನೊಂದು ಮುನಿಸಿಕೊಳ್ಳುವುದಕ್ಕೆ ಬಹಳ ಸಲ ಇದೇ ಕಾರಣ. 2019ರ ಆರಂಭದಲ್ಲಿ ಫೈರ್‌ಫಾಕ್ಸ್ 65 ಬಂದಾಗ ಅವಾಸ್ಟ್ ಮತ್ತು ಎವಿಜಿ ಆ್ಯಂಟಿವೈರಸ್ ಇದ್ದ ಕಂಪ್ಯೂಟರುಗಳಲ್ಲಿ ಸುರಕ್ಷಿತ ಪುಟಗಳೇ ತೆರೆಯದಾದವು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ ವಿಂಡೋಸ್‌ಗೆ ಅಪ್‌ಡೇಟ್ ಕಳಿಸುವುದನ್ನೇ ತಡೆಹಿಡಿಯಿತು. ಆ್ಯಂಟಿವೈರಸ್‌ನವರು ಫೈರ್‌ಫಾಕ್ಸ್‌ನಲ್ಲಿ ಲಕೋಟೆ ಒಡೆಯುವುದನ್ನು ನಿಲ್ಲಿಸಿದರು. ಅದೇ ವರ್ಷ ಬಂದ 68ನೇ ಆವೃತ್ತಿಯಿಂದ, ಇಂಥ ತಕರಾರು ಕಂಡರೆ ಫೈರ್‌ಫಾಕ್ಸ್ ವಿಂಡೋಸ್‌ನ ಪಟ್ಟಿಯನ್ನೂ ನೋಡತೊಡಗಿತು. ಹುಡುಗನ ಯಂತ್ರದಲ್ಲಿದ್ದ ಫೈರ್‌ಫಾಕ್ಸ್ ಅದಕ್ಕಿಂತ ಹಳೆಯದು. ಹಳೇ ಯಜಮಾನ ಬಿಟ್ಟುಹೋದ, ಅವಧಿ ಮುಗಿದ ಆ್ಯಂಟಿವೈರಸ್ ಬೇರೆ ಒಳಗೆ ಕೂತಿತ್ತು.

ಜಗಳ ಇದಕ್ಕಿಂತ ವಿಚಿತ್ರವಾಗಿ ನಡೆದದ್ದೂ ಉಂಟು. 2011ರ ಸೆಪ್ಟೆಂಬರ್ 30ರಂದು ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಆ್ಯಂಟಿವೈರಸ್, ಗೂಗಲ್‌ನ ಕ್ರೋಮನ್ನೇ ಬ್ಯಾಂಕ್ ಪಾಸ್‌ವರ್ಡ್ ಕದಿಯುವ ಝೀಬಾಟ್ ಎಂದು ತಪ್ಪು ತಿಳಿದು ಸುಮಾರು 3,000 ಕಂಪ್ಯೂಟರುಗಳಲ್ಲಿ ತೊಂದರೆ ಮಾಡಿತು. ಬ್ರೌಸರಿನ ಒಳಗೇ ತಮ್ಮ ಕೋಡ್ ತೂರಿಸುವ ತಂತ್ರಾಂಶಗಳೂ ಇವೆ. ಅಂಥವು ಇರುವ ಕಡೆ ಕ್ರೋಮ್ ಕುಸಿಯುವ ಸಂಭವ ಶೇ. 15ರಷ್ಟು ಹೆಚ್ಚು ಎಂದು 2017ರಲ್ಲಿ ಗೂಗಲ್ ಹೇಳಿತು.

ಹಾಗಾದರೆ ಪುಟ ತೆರೆಯದಾಗ ಏನು ಮಾಡಬೇಕು? ಮೊದಲು ಪರದೆಯ ಮೂಲೆಯ ತಾರೀಖು ನೋಡಿ. ನಗಬೇಡಿ. ಹಳೇ ಯಂತ್ರದ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಸತ್ತರೆ ಗಡಿಯಾರ ಹಳೇ ತಾರೀಖಿಗೆ ಜಾರುತ್ತದೆ, ಆಗ ಎಲ್ಲ ಮುದ್ರೆಯೂ ಸುಳ್ಳಾಗಿ ಕಾಣುತ್ತದೆ. ಪಾಪ, ಬೈಗುಳ ಮಾತ್ರ ಆ್ಯಂಟಿವೈರಸ್‌ಗೆ. ತಾರೀಖು ಸರಿಯಿದ್ದರೆ ಇನ್ನೊಂದು ಬ್ರೌಸರಿನಲ್ಲಿ ತೆರೆದು ನೋಡಿ. ಆಮೇಲೆ ಎಚ್ಚರಿಕೆಯ ಪುಟದಲ್ಲೇ ಸರ್ಟಿಫಿಕೇಟ್ ತೆರೆದು, ಅದನ್ನು ಕೊಟ್ಟವರು ಯಾರು ಎಂದು ಓದಿ. ನಿಮ್ಮ ಆ್ಯಂಟಿವೈರಸ್‌ನ ಹೆಸರಿದ್ದರೆ ಜಗಳ ಮನೆಯೊಳಗಿನದು. ಅದರ ಸೆಟ್ಟಿಂಗ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಒಂದನ್ನು ಮಾತ್ರ ಆಫ್ ಮಾಡಿ ನೋಡಿ. ಇಡೀ ಆ್ಯಂಟಿವೈರಸ್ ಕಿತ್ತುಹಾಕುವ ಅಗತ್ಯ ಅಪರೂಪ. ಆದರೆ ಕಂಡುಕೇಳರಿಯದ ಹೆಸರಿದ್ದರೆ? ಆಗ ಬ್ಯಾಂಕಿನ ಪಾಸ್‌ವರ್ಡ್ ಒತ್ತಲೇಬೇಡಿ. "ಪರವಾಗಿಲ್ಲ, ಮುಂದೆ ಹೋಗು" ಎಂಬ ಕೊಂಡಿಯನ್ನಂತೂ ಮುಟ್ಟಬೇಡಿ.

ಒಂದೇ ಯಂತ್ರಕ್ಕೆ ಎರಡು ಆ್ಯಂಟಿವೈರಸ್ ಹಾಕುವ ಚಾಳಿ ನನಗೆ ಎಳ್ಳಷ್ಟೂ ಹಿಡಿಸದು. ಒಂದು ಇನ್ನೊಂದನ್ನೇ ಕಳ್ಳನೆಂದು ಹಿಡಿಯುವುದುಂಟು. ಹುಡುಗನ ಯಂತ್ರದಿಂದ ಅವಧಿ ಮುಗಿದದ್ದನ್ನು ತೆಗೆದು, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಕೆಲಸ ಮಾಡುತ್ತಿದೆಯೇ ನೋಡಿ, ಫೈರ್‌ಫಾಕ್ಸ್ ಅಪ್‌ಡೇಟ್ ಮಾಡಿದೆವು. ಪುಟ ತೆರೆಯಿತು.

ನಿಮ್ಮಲ್ಲೂ ಹೀಗಾದರೆ, ರಿಪೇರಿಯವರಿಗೆ ಫೋನ್ ಮಾಡುವ ಮುಂಚೆ ಆ ಮುದ್ರೆಯ ಮೇಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ಮೊದಲು ಕೇಳಬೇಕಾದದ್ದು ಅದನ್ನೇ.